‘ಹೋಗಿದ್ದೆ’ ಎಂದರೆ ಯಾವಾಗಲೂ ‘ಹ್ಯಾಡ್ ಗಾನ್’ ಅಲ್ಲ

ಕೆಲಸದ ಸಂದರ್ಶನಕ್ಕೆ ಕೂತ ಕನ್ನಡದ ಹುಡುಗ ಹುಡುಗಿಯರಿಂದ ಮತ್ತೆ ಮತ್ತೆ ಕೇಳಿಬರುವ ಮೂರು ಇಂಗ್ಲಿಷ್ ವಾಕ್ಯಗಳಿವೆ. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019.’ ‘ಲಾಸ್ಟ್ ವೀಕ್ ಐ ಹ್ಯಾಡ್ ಗಾನ್ ಟು ಮೈಸೂರ್.’ ‘ಐ ಡಿಡಂಟ್ ವೆಂಟ್ ಟು ಕಾಲೇಜ್ ದಟ್ ಡೇ.’ ಮೂರೂ ತಪ್ಪು. ಆದರೆ ಮೂರೂ ಒಂದೇ ಬಗೆಯ ತಪ್ಪಲ್ಲ. ಮೊದಲ ಎರಡು, ಕನ್ನಡದಲ್ಲಿ ಸರಿಯಾಗಿಯೇ ಇರುವ ಮಾತನ್ನು ಹಾಗೇ ಇಂಗ್ಲಿಷಿಗೆ ದಾಟಿಸಿದ್ದರಿಂದ ಆದವು. ಮೂರನೆಯದು ಅದಕ್ಕೆ ತದ್ವಿರುದ್ಧ. ಅಲ್ಲಿ ಕನ್ನಡದ ದಾರಿಯನ್ನೇ ಹಿಡಿದಿದ್ದರೆ ತಪ್ಪು ಆಗುತ್ತಲೇ ಇರಲಿಲ್ಲ.

ಶಾಲೆಯಲ್ಲಿ ಇಂಗ್ಲಿಷಿನ ಭೂತಕಾಲ ಕಲಿಸುವಾಗ ಬೋರ್ಡಿನ ಮೇಲೆ ಹನ್ನೆರಡು ಟೆನ್ಸ್‌ಗಳ ಕೋಷ್ಟಕ ಬರುತ್ತದೆ, ಪಕ್ಕದಲ್ಲಿ ‘ಗೋ–ವೆಂಟ್–ಗಾನ್’ ಬಾಯಿಪಾಠ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಅಷ್ಟು ಸಾಕು. ಮಾತಾಡಲು ನಿಂತಾಗ ಸಾಲದು. ಮಾತಾಡುವಾಗ ಮನಸ್ಸು ಮೊದಲು ಕನ್ನಡದಲ್ಲಿ ವಾಕ್ಯ ಕಟ್ಟುತ್ತದೆ. ಆ ಕೋಷ್ಟಕದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ನಮ್ಮ ಭೂತಕಾಲವೇನೂ ಇಂಗ್ಲಿಷಿನದಕ್ಕಿಂತ ಒರಟಲ್ಲ. ಅಷ್ಟೇ ನಯವಾದ ಭೇದಗಳು ನಮ್ಮಲ್ಲೂ ಇವೆ. ಎರಡು ಭಾಷೆಗಳೂ ಬಹುದೂರ ಜೊತೆಯಾಗಿ ನಡೆದು ಕೆಲವೇ ಜಾಗಗಳಲ್ಲಿ ಬೇರೆ ದಾರಿ ಹಿಡಿಯುತ್ತವೆ. ಆ ಜಾಗಗಳು ಯಾವುವೆಂದು ಗೊತ್ತಿದ್ದರೆ ಉಳಿದದ್ದಕ್ಕೆ ಕನ್ನಡವೇ ನೆರವಾಗುತ್ತದೆ.

ಮೊದಲು ಸುಲಭದ ಮಾತು. ಕನ್ನಡದಲ್ಲಿ ಕ್ರಿಯಾಪದ ಯಾರ ಕೆಲಸವೆಂಬುದನ್ನೂ ಹೇಳಬೇಕು: ಹೋದೆ, ಹೋದೆವು, ಹೋದಿರಿ, ಹೋದ, ಹೋದಳು, ಹೋದರು, ಹೋಯಿತು, ಹೋದವು. ಇಷ್ಟೂ ರೂಪಗಳಿಗೆ ಇಂಗ್ಲಿಷಿನಲ್ಲಿ ‘ವೆಂಟ್’ ಒಂದೇ. ಭೂತಕಾಲದಲ್ಲಿ ವ್ಯಕ್ತಿಗೆ ತಕ್ಕಂತೆ ಬದಲಾಗುವ ಕ್ರಿಯಾಪದ ಇಂಗ್ಲಿಷಿಗೆ ಒಂದೇ ಒಂದು, ‘ಇರು’ ಅರ್ಥದ್ದು: ಐ, ಹಿ, ಶಿ, ಇಟ್ ಬಂದರೆ ‘ವಾಸ್’, ವಿ, ಯು, ದೇ ಬಂದರೆ ‘ವರ್’. ಕನ್ನಡದ ಎಂಟು ರೂಪಗಳನ್ನು ಲೀಲಾಜಾಲವಾಗಿ ಬಳಸುವವರಿಗೆ ಇದೇನೂ ಭಾರವಲ್ಲ.

ಇನ್ನು ‘ಡಿಡಂಟ್ ವೆಂಟ್’ ವಿಷಯಕ್ಕೆ ಬರೋಣ. ಕನ್ನಡದಲ್ಲಿ ‘ಅವನು ಬಂದ’ ಎಂಬುದನ್ನು ಇಲ್ಲವೆಂದು ಹೇಳಿ ನೋಡಿ. ‘ಅವನು ಬರಲಿಲ್ಲ’ ಎನ್ನುತ್ತೇವೆ. ‘ಬಂದಲಿಲ್ಲ’ ಎಂದು ಮೂರು ವರ್ಷದ ಮಗುವೂ ಅನ್ನುವುದಿಲ್ಲ. ‘ಇಲ್ಲ’ ಬಂದ ಕೂಡಲೇ ‘ಬಂದ’ ತನ್ನ ಭೂತಕಾಲದ ರೂಪವನ್ನು ಬಿಟ್ಟು ಮೂಲದ ‘ಬರು’ವಿಗೆ ಮರಳುತ್ತದೆ. ತಿಂದ, ತಿನ್ನಲಿಲ್ಲ. ಕೊಟ್ಟ, ಕೊಡಲಿಲ್ಲ. ಬಿದ್ದ, ಬೀಳಲಿಲ್ಲ. ಇಂಗ್ಲಿಷಿನಲ್ಲಿ ಆಗುವುದೂ ಇದೇ: ಕೇಮ್, ಡಿಡಂಟ್ ಕಮ್. ಏಟ್, ಡಿಡಂಟ್ ಈಟ್. ಗೇವ್, ಡಿಡಂಟ್ ಗಿವ್. ಫೆಲ್, ಡಿಡಂಟ್ ಫಾಲ್. ಭೂತಕಾಲವನ್ನು ಹೇಳುವ ಕೆಲಸವನ್ನು ‘ಡಿಡ್’ ಈಗಾಗಲೇ ಮಾಡಿರುವುದರಿಂದ ಮುಖ್ಯ ಕ್ರಿಯಾಪದ ಮತ್ತೆ ಅದನ್ನು ಹೇಳಬೇಕಾಗಿಲ್ಲ. ‘ಡಿಡಂಟ್ ಕೇಮ್’ ಎನ್ನುವುದು ‘ಬಂದಲಿಲ್ಲ’ ಎಂದ ಹಾಗೆ. ಇದೊಂದು ಹೋಲಿಕೆ ಕಿವಿಗೆ ಬಿದ್ದವರು ಮುಂದೆ ಆ ತಪ್ಪು ಮಾಡುವುದು ಕಡಿಮೆ, ಏಕೆಂದರೆ ನಿಯಮ ಆಗಲೇ ಅವರ ನಾಲಿಗೆಯಲ್ಲಿತ್ತು.

ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ಕೈಕೊಡುತ್ತದೆ. ನಾವು ‘ಬಂದೆಯಾ?’, ‘ತಿಂದೆಯಾ?’ ಎಂದು ಭೂತಕಾಲದ ರೂಪವನ್ನು ಉಳಿಸಿಕೊಂಡೇ ಕೇಳುತ್ತೇವೆ. ಅದರ ಸೆಳೆತದಿಂದಲೇ ‘ಡಿಡ್ ಯು ವೆಂಟ್?’ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಡಿಡ್’ ಬಂದರೆ, ಪ್ರಶ್ನೆಯಾಗಲಿ ನಿಷೇಧವಾಗಲಿ, ಮುಖ್ಯ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು: ‘ಡಿಡ್ ಯು ಗೋ?’, ‘ವೇರ್ ಡಿಡ್ ಯು ಗೋ?’. ಕೆಲಸ ಮಾಡಿದವರು ಯಾರೆಂದೇ ಕೇಳುವಾಗ ‘ಡಿಡ್’ ಬೇಡ. ‘ಯಾರು ಬಂದರು?’ ಎಂಬುದಕ್ಕೆ ‘ಹೂ ಕೇಮ್?’ ಅಷ್ಟೇ.

ಈಗ ಹೆಚ್ಚು ಜನ ಎಡವುವ ಜಾಗ. ನಿಷೇಧದ ವಾಕ್ಯಗಳನ್ನೇ ಹಿಡಿದು ಮುಂದುವರಿಯೋಣ, ಅಲ್ಲಿ ಕನ್ನಡದ ಭೇದಗಳು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ‘ಅವನು ನಿನ್ನೆ ಬರಲಿಲ್ಲ’, ‘ಅವನು ಇನ್ನೂ ಬಂದಿಲ್ಲ’, ‘ನಾನು ಹೋದಾಗ ಅವನು ಬಂದಿರಲಿಲ್ಲ’. ಈ ಮೂರನ್ನು ನಾವು ಸಾಮಾನ್ಯವಾಗಿ ಅದಲುಬದಲು ಮಾಡುವುದಿಲ್ಲ. ‘ಇನ್ನೂ ಬರಲಿಲ್ಲ’ ಎಂಬಂಥ ಆಡುಮಾತು ಅಲ್ಲಲ್ಲಿ ಕೇಳಿಸುತ್ತದಾದರೂ ಬರಹದಲ್ಲಿ ಗೆರೆ ಖಚಿತವಾಗಿದೆ. ಇವಕ್ಕೆ ಇಂಗ್ಲಿಷಿನ ಜೊತೆಗಾರರು ಕ್ರಮವಾಗಿ ‘ಡಿಡಂಟ್ ಕಮ್’, ‘ಹ್ಯಾಸಂಟ್ ಕಮ್’, ‘ಹ್ಯಾಡಂಟ್ ಕಮ್’. ಮುಗಿದುಹೋದ ಹೊತ್ತಿನ ಮಾತಿಗೆ ಸಿಂಪಲ್ ಪಾಸ್ಟ್, ಹಿಂದೆ ನಡೆದದ್ದು ಈ ಹೊತ್ತನ್ನು ತಟ್ಟುತ್ತಿದ್ದರೆ ಪ್ರೆಸೆಂಟ್ ಪರ್ಫೆಕ್ಟ್, ಹಿಂದಿನ ಒಂದು ಘಟನೆಗಿಂತಲೂ ಹಿಂದಿನದಕ್ಕೆ ಪಾಸ್ಟ್ ಪರ್ಫೆಕ್ಟ್. ಹನ್ನೆರಡು ಟೆನ್ಸ್‌ಗಳ ಕೋಷ್ಟಕದಲ್ಲಿ ದಿಕ್ಕೆಡಿಸುವ ಮೂರು ಹೆಸರುಗಳು ಇಲ್ಲಿ ನಾವು ದಿನವೂ ಆಡುವ ಮೂರು ಮಾತುಗಳಾಗಿ ನಿಲ್ಲುತ್ತವೆ.

ತೊಡಕು ಹುಟ್ಟುವುದು ‘ಹೌದು’ ಎನ್ನುವ ವಾಕ್ಯಗಳಲ್ಲಿ. ‘ನಾನು 2019ರಲ್ಲಿ ಡಿಗ್ರಿ ಮುಗಿಸಿದ್ದೇನೆ’ ಎನ್ನುವುದು ಒಳ್ಳೆಯ ಕನ್ನಡ. ಇಸವಿಯನ್ನೂ ಹೇಳಿ, ‘ಇದ್ದೇನೆ’ಯನ್ನೂ ಸೇರಿಸಿ, ಆ ಪದವಿ ಈಗ ನನ್ನ ಕೈಯಲ್ಲಿದೆ ಎಂಬ ಅರ್ಥವನ್ನು ಕನ್ನಡ ತರುತ್ತದೆ. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಮುಗಿದ ಕಾಲವನ್ನು ಹೆಸರಿಟ್ಟು ಕರೆದ ಮೇಲೆ ‘ಹ್ಯಾವ್’ ಇರುವ ಹಾಗಿಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019, ಟೂ ಡೇಸ್ ಅಗೋ, ವೆನ್ ಐ ವಾಸ್ ಇನ್ ಸ್ಕೂಲ್ ಇವುಗಳಲ್ಲಿ ಯಾವುದೇ ಒಂದು ವಾಕ್ಯದಲ್ಲಿದ್ದರೂ ಸಿಂಪಲ್ ಪಾಸ್ಟ್ ಬೇಕು: ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019.’ ಇಸವಿ ಹೇಳದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ’ ಸರಿಯೇ. ‘ಯಾವಾಗ?’ ಎಂಬ ಪ್ರಶ್ನೆಯಲ್ಲೂ ಹಾಗೆಯೇ, ‘ವೆನ್ ಹ್ಯಾವ್ ಯು ಜಾಯಿನ್ಡ್?’ ಅಲ್ಲ, ‘ವೆನ್ ಡಿಡ್ ಯು ಜಾಯಿನ್?’.

ನಮ್ಮ ಸಾಹಿತ್ಯದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ‘ಬಾನು ಮುಷ್ತಾಕ್ ಹ್ಯಾಸ್ ವನ್ ದ ಇಂಟರ್‌ನ್ಯಾಷನಲ್ ಬೂಕರ್ ಪ್ರೈಜ್’ ಎಂದು ಸುದ್ದಿ ಹೇಳಬಹುದು. ವರ್ಷ ಸೇರಿಸಿದ ಗಳಿಗೆಯಲ್ಲಿ ಅದು ‘ಬಾನು ಮುಷ್ತಾಕ್ ವನ್ ದ ಇಂಟರ್‌ನ್ಯಾಷನಲ್ ಬೂಕರ್ ಪ್ರೈಜ್ ಇನ್ 2025’ ಆಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಇಂದೂ ಬರೆಯುತ್ತಿರುವವರ ಬಗ್ಗೆ ‘ಶಿ ಹ್ಯಾಸ್ ರಿಟನ್ ಮೆನಿ ಸ್ಟೋರೀಸ್’ ಎಂದರೆ ಸರಿ, ಅವರು ಇನ್ನೂ ಬರೆಯಬಲ್ಲರು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಬಗ್ಗೆ ‘ಕುವೆಂಪು ಹ್ಯಾಸ್ ರಿಟನ್ ಮಲೆಗಳಲ್ಲಿ ಮದುಮಗಳು’ ಎಂದರೆ ಇಂಗ್ಲಿಷಿನ ಕಿವಿಗೆ ಕಸಿವಿಸಿ. ‘ಕುವೆಂಪು ರೋಟ್’ ಎನ್ನಬೇಕು. ಕನ್ನಡದಲ್ಲಿ ನಾವು ‘ಕುವೆಂಪು ಬರೆದಿದ್ದಾರೆ’ ಎಂದೇ ಹೇಳುತ್ತೇವೆ, ಪಂಪನ ಬಗ್ಗೆಯೂ ‘ಪಂಪ ಹೇಳಿದ್ದಾನೆ’ ಎನ್ನುತ್ತೇವೆ. ಬರಹ ಉಳಿದಿರುವವರೆಗೂ ‘ಇದ್ದಾರೆ’ ಉಳಿಸುವುದು ನಮ್ಮ ಭಾಷೆಯ ರೀತಿ. ಅದು ಚೆಂದವೇ, ಇಂಗ್ಲಿಷಿಗೆ ಮಾತ್ರ ಹೊಂದುವುದಿಲ್ಲ.

‘ಹ್ಯಾವ್’ ಬೇಕಾದ ಕಡೆ ಬಿಟ್ಟುಬಿಡುವುದೂ ಉಂಟು. ‘ಹತ್ತು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದೇನೆ’, ‘2020ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ಮಾತುಗಳಿಗೆ ಕನ್ನಡದಲ್ಲಿ ವರ್ತಮಾನಕಾಲ. ಅದನ್ನೇ ನಂಬಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2020’ ಎನ್ನುತ್ತೇವೆ. ಹಿಂದೆ ಶುರುವಾಗಿ ಇವತ್ತಿನವರೆಗೆ ಎಳೆದುಕೊಂಡು ಬಂದಿರುವ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್ ವರ್ಕಿಂಗ್’ ಎಂದು ಹೇಳಿಸುತ್ತದೆ. ‘ಐ ಲಿವ್ಡ್ ಇನ್ ಹುಬ್ಬಳ್ಳಿ ಫಾರ್ ಟೆನ್ ಇಯರ್ಸ್’ ಎಂದರೆ ಈಗ ಅಲ್ಲಿಲ್ಲ ಎಂದು ಕೇಳಿದವರು ತಿಳಿಯುತ್ತಾರೆ. ‘ಐ ಹ್ಯಾವ್ ಲಿವ್ಡ್’ ಎಂದರೆ ಇನ್ನೂ ಅಲ್ಲೇ ಇದ್ದೀರಿ. ಬಯೋಡೇಟಾದಲ್ಲಿ ಈ ಒಂದು ಪದ ನೀವು ಕೆಲಸ ಬಿಟ್ಟವರೋ ಇರುವವರೋ ಎಂಬುದನ್ನೇ ಬದಲಿಸುತ್ತದೆ.

ಇನ್ನು ‘ಹ್ಯಾಡ್’. ಕನ್ನಡಿಗರ ಇಂಗ್ಲಿಷಿನಲ್ಲಿ ಅಗತ್ಯಕ್ಕಿಂತ ಬಹಳ ಹೆಚ್ಚಾಗಿ ಬಳಕೆಯಾಗುವ ಪದ ಇದು ಎಂದು ನನ್ನ ಅನಿಸಿಕೆ. ಕಾರಣ ‘ಹೋಗಿದ್ದೆ’. ‘ನಿನ್ನೆ ಒಂದು ಮದುವೆಗೆ ಹೋಗಿದ್ದೆ’ ಎಂದು ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಇಷ್ಟು: ಹೋದೆ, ಅಲ್ಲಿದ್ದೆ, ವಾಪಸು ಬಂದಾಯಿತು. ಹೋಗಿ, ಇದ್ದೆ, ಈಗ ಅಲ್ಲಿಲ್ಲ. ಬರೀ ‘ನಿನ್ನೆ ಮದುವೆಗೆ ಹೋದೆ’ ಎಂದರೆ ಕೇಳುವವರು ‘ಆಮೇಲೆ ಏನಾಯಿತು?’ ಎಂದು ಕಾಯುತ್ತಾರೆ, ಕಥೆ ಶುರುವಾದ ಹಾಗೆ. ಹೀಗಾಗಿ ಒಂಟಿ ಸುದ್ದಿಯೊಂದನ್ನು ಹೇಳಿ ಮುಗಿಸಲು ಕನ್ನಡ ‘ಇದ್ದೆ’ಯನ್ನು ಬಯಸುತ್ತದೆ. ನೆಂಟರು ಬಂದಿದ್ದರು, ಸಿನಿಮಾ ನೋಡಿದ್ದೆ, ಅವರಿಗೆ ಫೋನ್ ಮಾಡಿದ್ದೆ.

ಇಂಗ್ಲಿಷಿನ ‘ಹ್ಯಾಡ್’ಗೆ ಆ ಕೆಲಸವಿಲ್ಲ. ಅದಕ್ಕೆ ಆತುಕೊಳ್ಳಲು ಹಿಂದಿನ ಇನ್ನೊಂದು ಘಟನೆ ಬೇಕೇ ಬೇಕು. ‘ಐ ಹ್ಯಾಡ್ ಗಾನ್ ಟು ಎ ವೆಡ್ಡಿಂಗ್’ ಎಂದು ನಿಲ್ಲಿಸಿದರೆ ಇಂಗ್ಲಿಷ್ ಬಲ್ಲವರು ‘ಯಾವುದಕ್ಕಿಂತ ಮೊದಲು?’ ಎಂದು ಕಾಯುತ್ತಾರೆ. ಆದ್ದರಿಂದ ‘ಹ್ಯಾಡ್’ ನಾಲಿಗೆಯ ತುದಿಗೆ ಬಂದಾಗ ನಿಮ್ಮನ್ನೇ ಅದೇ ಪ್ರಶ್ನೆ ಕೇಳಿಕೊಳ್ಳಿ. ‘ನೀನು ಫೋನ್ ಮಾಡುವ ಹೊತ್ತಿಗೆ ನಾನು ಮದುವೆಗೆ ಹೋಗಿದ್ದೆ’ ಎನ್ನುವಲ್ಲಿ ಉತ್ತರವಿದೆ, ಫೋನಿಗಿಂತ ಮೊದಲು. ಅಲ್ಲಿ ‘ಹ್ಯಾಡ್ ಗಾನ್’ ಸರಿ. ‘ನಿನ್ನೆ ಮದುವೆಗೆ ಹೋಗಿದ್ದೆ’ ಎನ್ನುವಲ್ಲಿ ಉತ್ತರವಿಲ್ಲ. ಅಲ್ಲಿ ‘ಐ ವೆಂಟ್ ಟು ಎ ವೆಡ್ಡಿಂಗ್ ಯೆಸ್ಟರ್‌ಡೇ’. ಬರೀ ‘ವೆಂಟ್’ ಎಂದರೆ ಮಾತು ಅರ್ಧಕ್ಕೆ ನಿಂತಂತೆ ಕನ್ನಡದ ಕಿವಿಗೆ ಕೇಳಿಸಬಹುದು. ಇಂಗ್ಲಿಷಿನಲ್ಲಿ ಅದು ಪೂರ್ತಿ ಮಾತು. ವಾಪಸು ಬಂದಿರುವಿರಿ ಎಂಬುದನ್ನು ‘ಯೆಸ್ಟರ್‌ಡೇ’ ನೋಡಿ ಕೇಳುಗರೇ ಊಹಿಸಿಕೊಳ್ಳುತ್ತಾರೆ.

ಇದೆಲ್ಲ ಬರೀ ವ್ಯಾಕರಣದ ಜಗಳವಲ್ಲ. ವಿಮೆಯ ಕ್ಲೇಮಿಗೆ ಅಪಘಾತದ ವಿವರ ಬರೆಯಬೇಕಾದ ಒಬ್ಬರನ್ನು ನೆನೆಯಿರಿ. ಕನ್ನಡದಲ್ಲಿ ಅವರು ಹೀಗೆ ಹೇಳುತ್ತಾರೆ: ‘ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದೆ. ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಬಿದ್ದೆ, ಮಣಿಕಟ್ಟು ಮುರಿಯಿತು. ಪೊಲೀಸರು ಬರುವಷ್ಟರಲ್ಲಿ ಡ್ರೈವರ್ ಹೊರಟುಹೋಗಿದ್ದ. ನಾನು ಇನ್ನೂ ಕೆಲಸಕ್ಕೆ ಮರಳಿಲ್ಲ.’ ಇದನ್ನು ಇಂಗ್ಲಿಷಿಗೆ ಸಾಲು ಸಾಲಾಗಿ ತರೋಣ. ‘ಐ ವಾಸ್ ರೈಡಿಂಗ್ ಹೋಮ್ ಆನ್ ಮೈ ಸ್ಕೂಟರ್. ಎ ಕಾರ್ ಹಿಟ್ ಮಿ ಫ್ರಮ್ ಬಿಹೈಂಡ್. ಐ ಫೆಲ್ ಅಂಡ್ ಬ್ರೋಕ್ ಮೈ ರಿಸ್ಟ್. ಬೈ ದ ಟೈಮ್ ದ ಪೊಲೀಸ್ ಕೇಮ್, ದ ಡ್ರೈವರ್ ಹ್ಯಾಡ್ ಲೆಫ್ಟ್. ಐ ಹ್ಯಾವ್ ನಾಟ್ ಗಾನ್ ಬ್ಯಾಕ್ ಟು ವರ್ಕ್ ಯೆಟ್.’

ಇಲ್ಲಿ ಎರಡು ಭಾಷೆಗಳೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಿವೆ. ‘ಹೋಗುತ್ತಿದ್ದೆ’ ಎನ್ನುವುದು ಹಿನ್ನೆಲೆ, ನಡೆಯುತ್ತಿದ್ದ ಕೆಲಸ. ಅದಕ್ಕೆ ‘ವಾಸ್ ರೈಡಿಂಗ್’. ಅದರ ನಡುವೆ ಬಂದೆರಗಿದ್ದು ‘ಗುದ್ದಿತು’, ‘ಬಿದ್ದೆ’, ‘ಮುರಿಯಿತು’. ಒಂದರ ಹಿಂದೆ ಒಂದಾಗಿ ಆದ ಘಟನೆಗಳು, ಎಲ್ಲಕ್ಕೂ ಸಿಂಪಲ್ ಪಾಸ್ಟ್. ಡ್ರೈವರ್ ಹೋದದ್ದು ಪೊಲೀಸರು ಬರುವುದಕ್ಕಿಂತ ಮೊದಲು, ಅದಕ್ಕೆ ‘ಹ್ಯಾಡ್ ಲೆಫ್ಟ್’. ಕೆಲಸಕ್ಕೆ ಮರಳದಿರುವುದು ಇವತ್ತಿಗೂ ನಿಜ, ಅದಕ್ಕೆ ‘ಹ್ಯಾವ್ ನಾಟ್ ಗಾನ್’. ಈಗ ‘ಹ್ಯಾಡ್’ ತೆಗೆದು ‘ವೆನ್ ದ ಪೊಲೀಸ್ ಕೇಮ್, ದ ಡ್ರೈವರ್ ಲೆಫ್ಟ್’ ಎಂದು ಬರೆದರೆ ಪೊಲೀಸರು ಬಂದ ಮೇಲೆ ಅವನು ಹೊರಟ ಎಂದಾಗುತ್ತದೆ. ಹಾಗಾದರೆ ಪೊಲೀಸರು ಅವನ ಹೆಸರು, ಗಾಡಿ ನಂಬರ್ ಬರೆದುಕೊಳ್ಳಲಿಲ್ಲವೇ ಎಂದು ಕ್ಲೇಮ್ ಓದುವವರು ಕೇಳಿಯೇ ಕೇಳುತ್ತಾರೆ. ಕಡೆಯ ವಾಕ್ಯದಲ್ಲಿ ‘ಡಿಡಂಟ್ ಗೋ ಬ್ಯಾಕ್’ ಎಂದರೆ ಅದು ಎಂದೋ ಮುಗಿದ ಸಂಗತಿಯಂತೆ ಕೇಳುತ್ತದೆ, ನೀವು ಇಂದಿಗೂ ಮನೆಯಲ್ಲೇ ಇದ್ದೀರಿ ಎಂಬುದು ತಲುಪುವುದಿಲ್ಲ.

‘ಉತ್ತಿದ್ದೆ’ಯ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಕನ್ನಡದ ‘ಈಜುತ್ತಿದ್ದೆವು’ ಎರಡು ಅರ್ಥಕ್ಕೆ ಬಳಕೆಯಾಗುತ್ತದೆ. ‘ಮಳೆ ಬಂದಾಗ ನಾವು ಕೆರೆಯಲ್ಲಿ ಈಜುತ್ತಿದ್ದೆವು’ ಎಂದರೆ ಆ ಹೊತ್ತಿನ ಕೆಲಸ, ‘ವಿ ವರ್ ಸ್ವಿಮ್ಮಿಂಗ್’. ‘ಚಿಕ್ಕವರಿದ್ದಾಗ ದಿನಾ ಕೆರೆಯಲ್ಲಿ ಈಜುತ್ತಿದ್ದೆವು’ ಎಂದರೆ ರೂಢಿ, ‘ವಿ ಯೂಸ್ಡ್ ಟು ಸ್ವಿಮ್’. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ‘ಯೂಸ್ಡ್ ಟು’ ಈಗ ಇಲ್ಲದ ರೂಢಿಗೆ ಮಾತ್ರ. ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಸಿಕ್ಸ್’ ಎಂದು ಸಂದರ್ಶನದಲ್ಲಿ ಹೇಳಿದರೆ ಮೊದಲು ಆರಕ್ಕೆ ಏಳುತ್ತಿದ್ದಿರಿ, ಈಗ ಆ ಅಭ್ಯಾಸ ಬಿಟ್ಟಿದ್ದೀರಿ ಎಂದಾಯಿತು. ಇಂದಿಗೂ ಏಳುತ್ತಿದ್ದರೆ ‘ಐ ಗೆಟ್ ಅಪ್ ಅಟ್ ಸಿಕ್ಸ್’ ಸಾಕು.

‘ಐ ವಾಸ್ ನೋಯಿಂಗ್ ಹಿಮ್’, ‘ಐ ವಾಸ್ ಹ್ಯಾವಿಂಗ್ ಎ ಬೈಕ್’ ಎನ್ನುವವರಿಗೆ ಮಾತ್ರ ಕನ್ನಡ ಮತ್ತೊಮ್ಮೆ ನೆರವಿಗಿದೆ. ‘ನನಗೆ ಅವರು ಗೊತ್ತಿದ್ದರು’, ‘ಬೈಕ್ ಇತ್ತು’, ‘ಇಷ್ಟವಿತ್ತು’, ‘ಬೇಕಿತ್ತು’ ಇವುಗಳಲ್ಲಿ ಎಲ್ಲಿಯೂ ‘ಉತ್ತ’ ಇಲ್ಲ. ಇಂಗ್ಲಿಷಿನಲ್ಲೂ ‘ಇಂಗ್’ ಬೇಡ: ಐ ನ್ಯೂ, ಐ ಹ್ಯಾಡ್, ಐ ಲೈಕ್ಡ್, ಐ ವಾಂಟೆಡ್. ‘ನಂಬುತ್ತಿದ್ದೆ’ಯಂಥ ಕೆಲವು ಪದಗಳಲ್ಲಿ ಈ ಸೂತ್ರ ಕೆಲಸ ಮಾಡುವುದಿಲ್ಲ, ಅಲ್ಲಿ ‘ಬಿಲೀವ್ಡ್’ ಎಂದೇ ಕಲಿತುಕೊಳ್ಳಬೇಕು.

ಇಷ್ಟು ಹೊತ್ತು ಯಾವ ಭೂತಕಾಲ ಎಂಬುದನ್ನು ನೋಡಿದೆವು. ಆ ರೂಪ ಹೇಗಾಗುತ್ತದೆ ಎಂಬುದಕ್ಕೆ ಈಗ ಬರಬಹುದು. ಬಹುಪಾಲು ಕ್ರಿಯಾಪದಗಳಿಗೆ ‘ಇ-ಡಿ’ ಹತ್ತಿದರೆ ಮುಗಿಯಿತು. ಉಳಿದವು ಮನಬಂದಂತೆ ಬದಲಾಗುತ್ತವೆ ಎಂದು ಮಕ್ಕಳು ಅಳುತ್ತಾರೆ. ಆದರೆ ಕನ್ನಡದಲ್ಲೂ ಹೀಗೇ ಇದೆ. ನೋಡು–ನೋಡಿದ, ಮಾಡು–ಮಾಡಿದ, ಕರೆ–ಕರೆದ ಎಲ್ಲ ನೇರ. ಕೊಡು–ಕೊಟ್ಟ, ನಗು–ನಕ್ಕ, ಬಾ–ಬಂದ, ಹೋಗು–ಹೋದ, ಏಳು–ಎದ್ದ, ಅಳು–ಅತ್ತ, ನಿಲ್ಲು–ನಿಂತ ಯಾವುದೂ ನೇರವಲ್ಲ. ಇವನ್ನು ನಾವು ಬಾಯಿಪಾಠ ಮಾಡಲಿಲ್ಲ. ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳಿ ಕಲಿತೆವು. ವಕ್ರವಾಗಿ ಉಳಿಯುವುದು ಹೆಚ್ಚು ಬಳಕೆಯ ಪದಗಳೇ ಎಂಬುದನ್ನು ಹಾರ್ವರ್ಡಿನ ಸಂಶೋಧಕರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕಹಾಕಿ ತೋರಿಸಿದರು. ಹಳೆಯ ಇಂಗ್ಲಿಷಿನಿಂದ ಅವರು ಆಯ್ದುಕೊಂಡ 177 ವಕ್ರ ಕ್ರಿಯಾಪದಗಳಲ್ಲಿ ನಡುಗಾಲದ ಇಂಗ್ಲಿಷಿಗೆ ಬರುವಾಗ 145 ಹಾಗೇ ಉಳಿದಿದ್ದವು, ಇಂದು 98 ಉಳಿದಿವೆ. ಅಪರೂಪಕ್ಕೆ ಬಳಸುವವು ಬೇಗನೆ ‘ಇ-ಡಿ’ಗೆ ಶರಣಾದವು. ‘ಹೆಲ್ಪ್’ ಪದಕ್ಕೂ ಒಂದು ಕಾಲದಲ್ಲಿ ‘ಹೋಲ್ಪ್’ ಎಂಬ ಭೂತಕಾಲವಿತ್ತು. ಬಿ, ಹ್ಯಾವ್, ಡೂ, ಗೋ, ಸೇ, ಸೀ, ಟೇಕ್, ಗೆಟ್ ಮಾತ್ರ ದಿನವೂ ಬಾಯಲ್ಲಿ ಇರುವುದರಿಂದ ಅಲುಗಾಡಲಿಲ್ಲ. ‘ಗೋ’ದ ‘ವೆಂಟ್’ ಅಂತೂ ಅದರದ್ದಲ್ಲವೇ ಅಲ್ಲ, ಅದು ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಭೂತಕಾಲ. ಹೊಸದಾಗಿ ಹುಟ್ಟುವ ಕ್ರಿಯಾಪದಗಳು ಸಾಮಾನ್ಯವಾಗಿ ‘ಇ-ಡಿ’ಯನ್ನೇ ಹಿಡಿಯುತ್ತವೆ: ಗೂಗಲ್ಡ್, ಟೆಕ್ಸ್ಟೆಡ್. ನಮ್ಮಲ್ಲಿ ‘ಇಸು’ ಸೇರಿಸಿ ಕಟ್ಟಿದ ಯಾವ ಕ್ರಿಯಾಪದವೂ ‘ಇಸಿದ’ ಎಂದೇ ಆಗುವ ಹಾಗೆ.

ಹೀಗಾಗಿ ವಕ್ರ ರೂಪಗಳನ್ನು ಎ ಇಂದ ಝಡ್‌ವರೆಗೆ ಅಕ್ಷರಮಾಲೆಯ ಕ್ರಮದಲ್ಲಿ ಉರುಹೊಡೆಯುವುದು ವ್ಯರ್ಥ ಶ್ರಮ. ದನಿಯ ಪ್ರಕಾರ ಗುಂಪು ಮಾಡಿದರೆ ನಾಲಿಗೆಗೆ ಹತ್ತುತ್ತವೆ. ಸೆಂಡ್–ಸೆಂಟ್, ಸ್ಪೆಂಡ್–ಸ್ಪೆಂಟ್, ಲೆಂಡ್–ಲೆಂಟ್ ಒಂದು ಕಡೆ. ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಫೀಲ್–ಫೆಲ್ಟ್ ಇನ್ನೊಂದು ಕಡೆ. ಸಿಂಗ್–ಸ್ಯಾಂಗ್, ಡ್ರಿಂಕ್–ಡ್ರ್ಯಾಂಕ್, ಬಿಗಿನ್–ಬಿಗ್ಯಾನ್ ಒಟ್ಟಿಗೆ. ಬೈ–ಬಾಟ್, ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಟೀಚ್–ಟಾಟ್, ಕ್ಯಾಚ್–ಕಾಟ್ ಒಟ್ಟಿಗೆ. ಕಟ್, ಪುಟ್, ಹಿಟ್, ಶಟ್, ಕಾಸ್ಟ್ ಬದಲಾಗುವುದೇ ಇಲ್ಲ. ‘ರೀಡ್’ ಬರಹದಲ್ಲಿ ಹಾಗೇ ಇದ್ದು ಓದಿನಲ್ಲಿ ‘ರೆಡ್’ ಆಗುತ್ತದೆ.

‘ಇ-ಡಿ’ಯ ಉಚ್ಚಾರಣೆಗೆ ಸ್ವಲ್ಪ ಹೊತ್ತು ಕೊಡುವುದು ನ್ಯಾಯ, ಏಕೆಂದರೆ ಶಾಲೆಯಲ್ಲಿ ಇದನ್ನು ಹೇಳುವವರು ಕಡಿಮೆ. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಾವು ‘ವರ್ಕೆಡ್’, ‘ಆಸ್ಕೆಡ್’, ‘ಕಾಲೆಡ್’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ‘ಎ’ಕಾರ ಬಹುತೇಕ ಕಡೆ ಸತ್ತುಹೋಗಿದೆ. ಮೂಲ ಪದ ಟ್ ಅಥವಾ ಡ್ ದನಿಯಲ್ಲಿ ಮುಗಿದರೆ ಮಾತ್ರ ಒಂದು ಸ್ವರ ಬರುತ್ತದೆ: ವಾಂಟಿಡ್, ಸ್ಟಾರ್ಟಿಡ್, ನೀಡಿಡ್. ಕ್, ಪ್, ಸ್, ಶ್, ಚ್, ಫ್ ದನಿಯಲ್ಲಿ ಮುಗಿದರೆ ‘ಇ-ಡಿ’ ಬರೀ ‘ಟ್’ ಆಗುತ್ತದೆ: ವರ್ಕ್ಟ್, ಹೆಲ್ಪ್ಟ್, ವಾಶ್ಟ್, ಲಾಫ್ಟ್. ಮಿಕ್ಕೆಲ್ಲ ಕಡೆ ಬರೀ ‘ಡ್’: ಕಾಲ್ಡ್, ಓಪನ್ಡ್, ಪ್ಲೇಡ್. ಗಂಟಲಿನ ಮೇಲೆ ಬೆರಳಿಟ್ಟು ‘ಕ್’, ‘ಗ್’ ಎಂದು ಬೇರೆ ಬೇರೆಯಾಗಿ ಹೇಳಿ ನೋಡಿ. ‘ಗ್’ಗೆ ಅದುರುತ್ತದೆ, ‘ಕ್’ಗೆ ಇಲ್ಲ. ಅದುರದ ದನಿಯ ಪಕ್ಕ ಅದುರದ ‘ಟ್’, ಅದುರುವ ದನಿಯ ಪಕ್ಕ ಅದುರುವ ‘ಡ್’. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆಗುವ ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗುವುದೂ ಪಕ್ಕದ ದನಿಗೆ ಹೀಗೆ ಹೊಂದಿಕೊಂಡೇ.

‘ವರ್ಕ್ಟ್’ ಎಂದು ಎರಡು ವ್ಯಂಜನ ಒತ್ತಾಗಿ ನಿಲ್ಲಿಸುವುದು ಸ್ವರದಲ್ಲಿ ಪದ ಮುಗಿಸಿ ರೂಢಿಯಾದ ಕನ್ನಡದ ನಾಲಿಗೆಗೆ ಕಷ್ಟ. ಮುಂದಿನ ಪದ ಸ್ವರದಿಂದ ಶುರುವಾಗುತ್ತಿದ್ದರೆ ಆ ‘ಟ್’ ಅನ್ನು ಅದಕ್ಕೆ ದಾಟಿಸಿಬಿಡಿ. ‘ವರ್ಕ್ಟ್ ಇನ್’ ಎಂಬುದು ‘ವರ್ಕ್-ಟಿನ್’ ಆಗುತ್ತದೆ, ‘ಆಸ್ಕ್ಟ್ ಅಸ್’ ಎಂಬುದು ‘ಆಸ್ಕ್-ಟಸ್’. ಇಂಗ್ಲಿಷ್ ಮನೆಮಾತಿನವರು ಮಾಡುವುದೂ ಇದನ್ನೇ.

ಕೊನೆಗೆ, ಭೂತಕಾಲದ ರೂಪ ಇದ್ದ ಮಾತ್ರಕ್ಕೆ ಅದು ಆಗಿಹೋದ ಸಂಗತಿ ಎಂದಲ್ಲ. ಅಡುಗೆಮನೆಯಿಂದ ಅಮ್ಮ ಕರೆದರೆ ಎದ್ದೂ ಇರದ ಮಗ ‘ಬಂದೆ ಬಂದೆ’ ಎನ್ನುತ್ತಾನೆ. ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ನಿಲ್ದಾಣದಲ್ಲಿ ‘ಬಸ್ ಬಂತು’ ಎಂಬ ಕೂಗು. ಇಂಗ್ಲಿಷಿನಲ್ಲಿ ಇವು ‘ಐ ಆಮ್ ಕಮಿಂಗ್’, ‘ದ ಬಸ್ ಈಸ್ ಕಮಿಂಗ್’. ‘ಹಸಿವಾಯ್ತು’, ‘ಸುಸ್ತಾಯ್ತು’, ‘ಲೇಟಾಯ್ತು’ ಎನ್ನುವಲ್ಲೂ ಇಂಗ್ಲಿಷ್ ಈಗಿನ ಸ್ಥಿತಿಯನ್ನು ಹೇಳುತ್ತದೆ: ಐ ಆಮ್ ಹಂಗ್ರಿ, ಐ ಆಮ್ ಟಯರ್ಡ್, ಐ ಆಮ್ ಲೇಟ್. ಈ ‘ಆಯ್ತು’ಗಳನ್ನು ಕಂಡ ಕಡೆ ಜಾಗ್ರತೆ. ಆಫೀಸುಗಳಲ್ಲಿ ಕೇಳಿಬರುವ ‘ಯುವರ್ ಲಂಚ್ ಈಸ್ ಓವರ್?’ ಎಂಬುದು ‘ಊಟ ಆಯ್ತಾ?’ ಎಂಬ ನಮ್ಮ ಅಕ್ಕರೆಯ ವಿಚಾರಣೆಯೇ. ‘ಹ್ಯಾವ್ ಯು ಹ್ಯಾಡ್ ಲಂಚ್?’ ಎಂದರೆ ಅದೇ ಅಕ್ಕರೆ ತಲುಪುತ್ತದೆ. ಅಮೆರಿಕದವರ ಜೊತೆ ಮಾತಾಡುವಾಗ ‘ಡಿಡ್ ಯು ಈಟ್?’ ಕೂಡ ನಡೆಯುತ್ತದೆ, ಬ್ರಿಟಿಷರು ‘ಹ್ಯಾವ್’ ಹಾಕುವ ಎಷ್ಟೋ ಕಡೆ ಅವರು ಸಿಂಪಲ್ ಪಾಸ್ಟ್‌ನಲ್ಲೇ ಮುಗಿಸುತ್ತಾರೆ.

ಮರ್ಯಾದೆಯ ಮಾತಿನಲ್ಲಿ ಮತ್ತೆ ಎರಡೂ ಭಾಷೆಗಳು ಒಂದಾಗುತ್ತವೆ. ‘ಸರ್, ನಿಮ್ಮನ್ನ ಒಂದು ವಿಷಯ ಕೇಳಬೇಕಿತ್ತು’ ಎಂದು ನಾವು ಅನ್ನುವಾಗ ಕೇಳಬೇಕಾಗಿರುವುದು ಈಗಲೇ, ‘ಇತ್ತು’ ಬಂದದ್ದು ವಿನಯಕ್ಕೆ. ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್’ ಎಂಬುದರ ವಿನಯವೂ ಅದೇ. ಹಾಗೆಯೇ ಆಗದ ಸಂಗತಿಯ ಮಾತಿನಲ್ಲೂ. ‘ನೀನು ಹೇಳಿದ್ದರೆ ಬರುತ್ತಿದ್ದೆ’ ಎಂಬ ಕನ್ನಡದ ವಾಕ್ಯದ ಎರಡೂ ಕ್ರಿಯಾಪದಗಳು ಭೂತಕಾಲದ ರೂಪದವು, ಎರಡೂ ನಡೆಯದ ಕೆಲಸಗಳು. ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್’. ಇಲ್ಲಿನ ‘ಹ್ಯಾಡ್’ಗೆ ಹೆದರಬೇಕಿಲ್ಲ, ‘ಇದ್ದರೆ’ ಬಂದ ಕಡೆ ಅದು ತನ್ನ ಜಾಗದಲ್ಲೇ ಇದೆ.

ಕಲಿಯುತ್ತಿರುವವರು ರಾತ್ರಿ ಮಲಗುವ ಮೊದಲು ಆ ದಿನದ ಬಗ್ಗೆ ನಾಲ್ಕಾರು ಸಾಲು ಇಂಗ್ಲಿಷಿನಲ್ಲಿ ಬರೆದು, ಬಳಸಿದ ಪ್ರತಿಯೊಂದು ‘ಹ್ಯಾಡ್’ಗೆ ‘ಯಾವುದಕ್ಕಿಂತ ಮೊದಲು?’ ಎಂದೂ, ಪ್ರತಿಯೊಂದು ‘ಹ್ಯಾವ್’ಗೆ ‘ಕಾಲದ ಹೆಸರು ಹೇಳಿದ್ದೇನೆಯೇ?’ ಎಂದೂ ಕೇಳಿಕೊಂಡರೆ ಸಾಕು. ಅಭ್ಯಾಸ ಪುಸ್ತಕಕ್ಕಿಂತ ಅದು ಹೆಚ್ಚು ಕಲಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರಲ್ಲಿ ನನ್ನದೊಂದು ಮನವಿಯಿದೆ. ಹನ್ನೆರಡು ಟೆನ್ಸ್‌ಗಳ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ‘ಬರಲಿಲ್ಲ, ಬಂದಿಲ್ಲ, ಬಂದಿರಲಿಲ್ಲ’ ಎಂದು ಬರೆಯಿರಿ. ಯಾವುದನ್ನು ಯಾವಾಗ ಹೇಳುತ್ತೀರಿ ಎಂದು ಮಕ್ಕಳನ್ನೇ ಕೇಳಿ, ಅವರು ಕೊಡುವ ಉದಾಹರಣೆಗಳ ಎದುರಿಗೆ ಇಂಗ್ಲಿಷ್ ಬರೆಯುತ್ತಾ ಹೋಗಿ. ಅದಕ್ಕೊಂದು ಪೀರಿಯಡ್ ಕೊಡಿ.